ಮೊಣಕೈ ನೋಡುವ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಮನುಷ್ಯರನ್ನು ಮುಖದಿಂದ ಗುರುತು ಹಿಡಿಯುವುದಿಲ್ಲ. ಮೊಣಕೈಯಿಂದ ಗುರುತು ಹಿಡಿಯುತ್ತಾರೆ! ಅದೂ ಹೊರಮೈ ಅಲ್ಲ, ಒಳಗಿನ ಮಡಿಕೆ. ನೀವು ಅವರಿಗೊಂದು ನಮಸ್ಕಾರ ಹೇಳಿದಿರಿ ಎಂದುಕೊಳ್ಳಿ. ಬೇರೆಯವರಾದರೆ "ಚೆನ್ನಾಗಿದ್ದೀರಾ?" ಎನ್ನುತ್ತಾರೆ. ಇವರು ನಿಮ್ಮ ಕೈ ಹಿಡಿದು, ತೋಳು ಮೇಲಕ್ಕೆ ಸರಿಸಿ, ಬೆಳಕಿಗೆ ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ, "ಇಲ್ಲಿ ತುರಿಕೆ ಇದ್ಯಾ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಇದೆ ಎಂದಿರೋ, ಮುಗಿಯಿತು ನಿಮ್ಮ ಕಥೆ! ನಿಮ್ಮ ಅಪ್ಪ, ಅಜ್ಜ, ಮುತ್ತಜ್ಜ, ಅವರಲ್ಲಿ ಯಾರಿಗೆ ಉಬ್ಬಸವಿತ್ತು, ಯಾರು ಬೆಳಿಗ್ಗೆ ಎದ್ದ ಕೂಡಲೇ ಸೀನುತ್ತಿದ್ದರು, ಎಲ್ಲವನ್ನೂ ಹೇಳಿದ ಮೇಲೆಯೇ ನಿಮಗೆ ಬಿಡುಗಡೆ. ನಮ್ಮ ನೆಂಟರ ಹೆಂಗಸರಲ್ಲಿ ಈಚೆಗೆ ಮೊಣಕೈ ಮುಚ್ಚುವ ತೋಳಿನ ರವಿಕೆ ಹೆಚ್ಚಾಗಿದೆ. ಅದು ಫ್ಯಾಷನ್ ಎಂದು ಹೊರಗಿನವರು ತಿಳಿದಿದ್ದಾರೆ. ಪಾಪ, ಅವರಿಗೇನು ಗೊತ್ತು!

ಇವರು ನಮ್ಮಪ್ಪನ ಅಣ್ಣ. ಅರವತ್ತಾರು ವರ್ಷ, ಮದುವೆಯಾಗಿಲ್ಲ. ಯಲಹಂಕದ ನಮ್ಮ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಇದ್ದಾರೆ. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ, ಲೈನ್‌ಮನ್ ಆಗಿಯೇ ನಿವೃತ್ತರಾದವರು. ಯಲಹಂಕದಿಂದ ಯಶವಂತಪುರದವರೆಗೆ ಅವರು ಹತ್ತದ ಕಂಬವಿಲ್ಲ. ನಾನು ಚಿಕ್ಕವಳಿದ್ದಾಗ ಬೀದಿಯಲ್ಲಿ ಯಾರ ಮನೆಯ ಫೋನು ಸತ್ತರೂ ದೊಡ್ಡಪ್ಪ ಏಣಿ ಹೊತ್ತು ಹೊರಡುತ್ತಿದ್ದರು. ಕಂಬ ಹತ್ತಿ, ಏನೋ ತಿರುಚಿ, ಮೇಲಿನಿಂದಲೇ "ಟೋನ್ ಬಂತಾ?" ಎಂದು ಕೂಗುತ್ತಿದ್ದರು. ಮನೆಯವರು ಫೋನೆತ್ತಿ ಕಿವಿಗಿಟ್ಟುಕೊಂಡು, ಗುಂಯ್ ಎನ್ನುವ ಸದ್ದು ಕೇಳದೆ "ಇಲ್ಲಾ ಸಾರ್!" ಎಂದರೆ ಮುಂದಿನ ಕಂಬ. ಬಂತು ಎನ್ನುವವರೆಗೂ ಊಟವಿಲ್ಲ!

"ಒಂದು ಕಂಬಾನೂ ಬಿಡಬಾರ್ದು ಮಗಾ" ಎಂದು ನನಗೆ ಪಾಠ ಹೇಳುತ್ತಿದ್ದರು. "ಇದೊಂದು ಸರಿ ಇರುತ್ತೆ ಬಿಡು ಅಂತ ಯಾವ್ದನ್ನ ಬಿಟ್ಟು ಹೋಗ್ತೀವೋ, ಫಾಲ್ಟು ಅಲ್ಲೇ ಕೂತಿರುತ್ತೆ."

ಅವರ ಇನ್ನೊಂದು ವಿಚಿತ್ರವೆಂದರೆ ತುಂಬುತೋಳಿನ ಅಂಗಿ. ಏಪ್ರಿಲ್ ಇರಲಿ, ಮೇ ಇರಲಿ, ಮಣಿಕಟ್ಟಿನ ಗುಂಡಿ ಬಿಚ್ಚುವುದಿಲ್ಲ. ನಮ್ಮಪ್ಪ ಬನಿಯನ್ನಿನಲ್ಲಿ ಕುಳಿತು ಪೇಪರಿನಿಂದ ಗಾಳಿ ಬೀಸಿಕೊಳ್ಳುವಾಗ ದೊಡ್ಡಪ್ಪ ಪಕ್ಕದಲ್ಲಿ ಗುಂಡಿ ಬಿಗಿದುಕೊಂಡು ಬೆವರುತ್ತಿರುತ್ತಾರೆ. ಸ್ನಾನದ ಮನೆಯಿಂದ ಹೊರಗೆ ಬರುವುದೂ ಡ್ಯೂಟಿಗೆ ಹೊರಟವರಂತೆ, ಪೂರ್ತಿ ಉಡುಪಿನಲ್ಲಿ! ಕೇಳಿದರೆ "ಕಂಬದ ಮೇಲೆ ಬಿಸ್ಲು ಮಗಾ" ಎನ್ನುತ್ತಿದ್ದರು.

"ಯಾವ ಕಂಬ ದೊಡ್ಡಪ್ಪ? ರಿಟೈರಾಗಿ ಆರು ವರ್ಷ ಆಯ್ತು. ನೀವು ಕೂತಿರೋದು ಸೋಫಾ ಮೇಲೆ!"

"ಅಭ್ಯಾಸ" ಎಂದು ಪೇಪರ್ ಅಡ್ಡ ಹಿಡಿಯುತ್ತಿದ್ದರು. ನಾವೂ ಕೇಳುವುದನ್ನು ಬಿಟ್ಟೆವು.

ಇಂಥ ದೊಡ್ಡಪ್ಪನಿಗೆ ಮೊಣಕೈ ಹುಚ್ಚು ಹಿಡಿದದ್ದು ಹೇಗೆ? ಅದಕ್ಕೆ ಕಾರಣ ನಾನು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಒಂದು ಬದನೆಕಾಯಿ!

ನಾನು ಹುಟ್ಟಿದ ಮೂರನೇ ತಿಂಗಳಿಗೇ ನನ್ನ ಕೆನ್ನೆ ಕೆಂಪಾಗಿ ಬಿರಿಯಿತಂತೆ. ಆಮೇಲೆ ಮೊಣಕೈಯ ಮಡಿಕೆ, ಆಮೇಲೆ ಮಂಡಿಯ ಹಿಂಭಾಗ. ಇಸುಬು. ಚಳಿಗಾಲ ಬಂದರೆ ನನ್ನ ಹತ್ತು ಉಗುರುಗಳಿಗೂ ಬಿಡುವಿಲ್ಲದ ಕೆಲಸ. ಶಾಲೆಯಲ್ಲಿ ಹುಡುಗಿಯರು "ಅಂಟುತ್ತೆ ಕಣೇ" ಎಂದು ಬೆಂಚಿನ ಆ ತುದಿಗೆ ಸರಿಯುತ್ತಿದ್ದರು. ಇಸುಬು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ಅವರಿಗೆ ಹೇಳುವವರು ಯಾರು? ನನಗೇ ಗೊತ್ತಿರಲಿಲ್ಲ!

ಮನೆಯಲ್ಲಿ ಇದರ ವಿಚಾರಣೆ ನಾನು ಹುಟ್ಟಿದ ವರ್ಷವೇ ಮುಗಿದುಹೋಗಿತ್ತು. ನ್ಯಾಯಾಧೀಶೆ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ. ಆರೋಪಿ ನಮ್ಮಮ್ಮ. ಅಮ್ಮ ಬಸುರಿಯಾಗಿದ್ದಾಗ ತವರಿಗೆ ಹೋಗಿ, ಬಯಕೆ ತಡೆಯಲಾರದೆ, ಬದನೆಕಾಯಿ ಎಣ್ಣೆಗಾಯಿ ತಿಂದುಬಿಟ್ಟಿದ್ದಳು. ಬದನೆಕಾಯಿ ನಂಜು. ನಂಜು ತಿಂದರೆ ತುರಿಕೆ. ತಾಯಿ ತಿಂದರೆ ಹೊಟ್ಟೆಯಲ್ಲಿರುವ ಮಗುವಿಗೆ ತುರಿಕೆ. ತೀರ್ಪು ಇಷ್ಟೇ, ಮೇಲ್ಮನವಿಗೆ ಅವಕಾಶವಿಲ್ಲ! ಅಜ್ಜಿ ತನ್ನ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು. ಹಲಸಿನ ಹಣ್ಣು ಮನೆಯೊಳಗೆ ಬಂದರೆ ಸೆರಗನ್ನು ಮೂಗಿಗೆ ಹಿಡಿದು ಎದ್ದು ಹೋಗಿಬಿಡುತ್ತಾಳೆ. ಏಕೆ ಎಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ.

ಅಮ್ಮ ಅಂದೇ ಬದನೆಕಾಯಿ ಬಿಟ್ಟಳು. ಮೂವತ್ತನಾಲ್ಕು ವರ್ಷ! ಬಿಟ್ಟದ್ದು ತಿನ್ನುವುದನ್ನು ಮಾತ್ರ, ಮಾಡುವುದನ್ನಲ್ಲ. ಏಕೆಂದರೆ ಅಜ್ಜಿಗೆ ಎಣ್ಣೆಗಾಯಿ ಎಂದರೆ ಪ್ರಾಣ. ವಾರಕ್ಕೊಮ್ಮೆ ಅಮ್ಮ ಎಳೆಯ ಬದನೆಕಾಯಿಯನ್ನು ಸೀಳಿ, ಮಸಾಲೆ ತುಂಬಿ, ಎಣ್ಣೆಯಲ್ಲಿ ಬೇಯಿಸುತ್ತಾಳೆ. ಬೀದಿಯ ಕೊನೆಯವರೆಗೂ ಘಮಘಮ! ಉಪ್ಪು ಖಾರ ಸರಿಯಿದೆಯೇ ಎಂದು ಬೆರಳ ತುದಿಗೂ ಹಚ್ಚಿ ನೋಡುವುದಿಲ್ಲ, ಎಲ್ಲಾ ಮೂಗಿನ ಅಂದಾಜು. ನಾವೆಲ್ಲ ಚಪ್ಪರಿಸುತ್ತೇವೆ. ಅವಳು ಮಜ್ಜಿಗೆ ಅನ್ನ ಕಲಸಿಕೊಳ್ಳುತ್ತಾಳೆ. ನನಗೆ ಬುದ್ಧಿ ಬಂದ ಮೇಲೆ ಅಮ್ಮನೆದುರು ಕೆರೆದುಕೊಳ್ಳುವುದನ್ನು ನಿಲ್ಲಿಸಿದೆ. ನನ್ನ ಉಗುರಿನ ಸದ್ದು ಕೇಳಿದರೆ ಸಾಕು, ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ನೆಲ ನೋಡುತ್ತಿದ್ದಳು. ತನ್ನಿಂದಲೇ ನನಗೆ ಇದು ಬಂತು ಎಂದು ಅವಳು ನಿಜವಾಗಿಯೂ ನಂಬಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಹೋದ ವರ್ಷ ನನಗೆ ಮಗಳು ಹುಟ್ಟಿದಳು. ಪುಟ್ಟಿ. ಬಸುರಿನಲ್ಲಿ ನಾನು ಬದನೆಕಾಯಿಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಆರ್.ಟಿ. ನಗರದ ನಮ್ಮ ಮನೆಯ ಹತ್ತಿರದ ತರಕಾರಿ ಅಂಗಡಿಯಲ್ಲಿ ಬದನೆಕಾಯಿಯ ಬುಟ್ಟಿ ಕಂಡರೆ ಎದುರು ಬದಿಗೆ ದಾಟುತ್ತಿದ್ದೆ! ಆದರೂ ನಾಲ್ಕನೇ ತಿಂಗಳಿಗೆ ಪುಟ್ಟಿಯ ಎರಡೂ ಕೆನ್ನೆ ಕೆಂಪಗೆ ಬಿರಿದವು. ಮಗುವನ್ನು ಎತ್ತಿಕೊಂಡು ಯಲಹಂಕಕ್ಕೆ ಹೋದೆ. ಎಂಬತ್ತೆಂಟರ ಅಜ್ಜಿ ಮಗುವಿನ ಗಲ್ಲ ಹಿಡಿದು ನೋಡಿ, ನನ್ನನ್ನು ನೋಡಿ ಕೇಳಿದಳು.

"ನೀನೂ ತಿಂದ್ಯೇನೇ ಬದ್ನೇಕಾಯ?"

"ಇಲ್ಲ ಅಜ್ಜಿ! ಒಂದು ಚೂರೂ ತಿಂದಿಲ್ಲ! ಆಣೆಗೂ ಇಲ್ಲ!"

ಈಗಲಾದರೂ ಅಮ್ಮನ ಮೇಲಿನ ಕೇಸು ಬಿದ್ದುಹೋಗುತ್ತದೆ ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ. ಅಜ್ಜಿ ಎರಡು ನಿಮಿಷ ಯೋಚಿಸಿದಳು.

"ಅಂಗಾರೆ ನಿಮ್ಮವ್ವ ತಿಂದಿದ್ದೇ ಇನ್ನೂ ಕೆಲ್ಸ ಮಾಡ್ತಾ ಐತೆ."

ನೋಡಿ ಅನ್ಯಾಯ! ಒಂದೇ ಬದನೆಕಾಯಿ, ಎರಡು ತಲೆಮಾರು! ಅಪ್ಪ ಎದ್ದು ನೀರಿನ ಮೋಟರ್ ಹಾಕಲು ಹೋದರು. ಮನೆಯಲ್ಲಿ ಮಾತು ಬಿಸಿಯಾದಾಗಲೆಲ್ಲ ಅವರಿಗೆ ಮೋಟರ್ ನೆನಪಾಗುತ್ತದೆ. ಅಮ್ಮ ಅಡುಗೆಮನೆಗೆ ಹೋದಳು. ಒಳಗಿನಿಂದ ಏನನ್ನೋ ಕುಟ್ಟುವ ಸದ್ದು ಬಂತು. ಮಹಡಿಯ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ದೊಡ್ಡಪ್ಪ ದಡದಡ ಇಳಿದು ಬಂದರು.

"ನಡಿ ಮಗಾ, ಡಾಕ್ಟ್ರ ಹತ್ರ ಹೋಗೋಣ. ಇದು ಬದ್ನೇಕಾಯಿ ಅಲ್ಲ. ಇದು ಲೈನ್ ಫಾಲ್ಟು!"

ಹೆಬ್ಬಾಳದ ಕಡೆ ಒಬ್ಬ ಚರ್ಮದ ಡಾಕ್ಟರಮ್ಮ ಇದ್ದಾರೆ. ಚಿಕ್ಕ ವಯಸ್ಸು, ನಗುಮುಖ. ಪುಟ್ಟಿಯ ಕೆನ್ನೆ ನೋಡಿದರು, ನನ್ನ ಮೊಣಕೈ ನೋಡಿದರು.

"ಚರ್ಮ ಅಂದ್ರೆ ಒಂದು ಗೋಡೆ ಅಂದ್ಕೊಳ್ಳಿ" ಎಂದರು. "ಇಟ್ಟಿಗೆ ಮಧ್ಯ ಗಾರೆ ಇರುತ್ತಲ್ಲ, ಕೆಲವರ ಗೋಡೇಲಿ ಅದು ಗಟ್ಟಿಯಾಗಿ ಕೂತಿರಲ್ಲ. ಒಳಗಿನ ನೀರು ಹೊರಗೆ ಹೋಗಿ ಚರ್ಮ ಒಣಗುತ್ತೆ. ಹೊರಗಿನ ಧೂಳು, ಸೋಪು ಒಳಗೆ ನುಗ್ಗಿ ಕೆರಳಿಸುತ್ತೆ. ಫಿಲಾಗ್ರಿನ್ ಅಂತ ಒಂದು ಪ್ರೋಟೀನ್ ಇದೆ, ಗೋಡೆ ಗಟ್ಟಿ ಇರೋಕೆ ಅದು ಬೇಕು. ಅದನ್ನ ಮಾಡೋ ಜೀನ್ ಕೆಲವು ಮನೆತನದಲ್ಲಿ ಸ್ವಲ್ಪ ಬೇರೆ ಥರ ಇರುತ್ತೆ. ಅದೊಂದೇ ಕಾರಣ ಅಲ್ಲ, ಬೇರೆ ಜೀನ್‌ಗಳೂ ಇವೆ."

ದೊಡ್ಡಪ್ಪ ಕುರ್ಚಿಯ ತುದಿಗೆ ಬಂದರು. "ಅಂದ್ರೆ ಇದು ಲೈನಲ್ಲೇ ಬರೋದು, ಅಲ್ವಾ ಮೇಡಂ?"

"ಬರಬಹುದು ಸಾರ್. ಆದ್ರೆ ಜೀನ್ ಇದ್ದೋರಿಗೆಲ್ಲ ಇಸುಬು ಬರ್ಲೇಬೇಕು ಅಂತಿಲ್ಲ. ಕೆಲವರು ತಮಗೇನೂ ಇಲ್ದೆ ಮಕ್ಕಳಿಗೆ ದಾಟಿಸಬಹುದು. ಒಂದೇ ಮನೇಲಿ ಒಬ್ಬರಿಗೆ ಇಸುಬು, ಒಬ್ಬರಿಗೆ ಉಬ್ಬಸ, ಇನ್ನೊಬ್ಬರಿಗೆ ಬರೀ ಸೀನು ಇರೋದೂ ಉಂಟು."

"ಲೈನ್ ಹಾದು ಹೋಗಿರುತ್ತೆ, ಬೆಲ್ ಮಾತ್ರ ಹೊಡೆಯಲ್ಲ!" ದೊಡ್ಡಪ್ಪ ಮೇಜು ಗುದ್ದಿದರು. ಪುಟ್ಟಿ ಬೆಚ್ಚಿ ಅತ್ತಳು. "ಹಂಗಾದ್ರೆ ಮೇಡಂ, ಬದ್ನೇಕಾಯಿ?"

"ಯಾವ ಬದ್ನೇಕಾಯಿ ಸಾರ್?"

"ಇವಳಮ್ಮ ಮೂವತ್ನಾಲ್ಕು ವರ್ಷದ ಹಿಂದೆ ತಿಂದಿದ್ದು."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದರು.

"ಅದನ್ನ ಚೀಟಿಯಲ್ಲಿ ಬರ್ದು ಸೀಲ್ ಹಾಕ್ಕೊಡಿ!"

ಆ ಪುಣ್ಯಾತ್ಗಿತ್ತಿ ಬರೆದೂ ಕೊಟ್ಟರು! ಮಗುವಿಗೆ ಸ್ನಾನದ ಮೇಲೆ ಹಚ್ಚುವ ಕ್ರೀಮಿನ ಹೆಸರು, ಅದರ ಕೆಳಗೆ "ಬದನೆಕಾಯಿ ಕಾರಣವಲ್ಲ", ಅದರ ಕೆಳಗೆ ಸಹಿ, ಸೀಲು. ಜಗತ್ತಿನಲ್ಲಿ ಇಂಥ ಇನ್ನೊಂದು ಔಷಧಿ ಚೀಟಿ ಇದ್ದರೆ ತೋರಿಸಿ!

ಹೊರಡುವಾಗ ಅವರು ನನ್ನ ಅಂಗೈ ಬಿಡಿಸಿ ನೋಡಿ, "ಗೆರೆ ಎಷ್ಟು ಒತ್ತಾಗಿದೆ ನೋಡಿ. ಆ ಜೀನ್ ಬೇರೆ ಥರ ಇರೋರಲ್ಲಿ ಎಷ್ಟೋ ಜನಕ್ಕೆ ಹೀಗಿರುತ್ತೆ" ಎಂದರು. ಬಿಸಿಲಿಗೆ ಒಣಹಾಕಿದ ಹಪ್ಪಳದಂತೆ ಇರುವ ನನ್ನ ಅಂಗೈಗೂ ಒಂದು ಅರ್ಥವಿದೆ ಎಂದು ನನಗೆ ಖುಷಿಯೋ ಖುಷಿ. ದೊಡ್ಡಪ್ಪ ಮಾತ್ರ ತಟ್ಟನೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು. ಚಳಿಯಿರಬೇಕು ಎಂದುಕೊಂಡೆ.

ಮನೆಗೆ ಬಂದು ದೊಡ್ಡಪ್ಪ ಚೀಟಿಯನ್ನು ಅಜ್ಜಿಯೆದುರು ಹಿಡಿದು ಓದಿದ್ದಾಯಿತು.

"ಆ ಉಡುಗಿ ಎಷ್ಟು ಮಕ್ಳ ಎತ್ತವ್ಳೆ?" ಎಂದಳು ಅಜ್ಜಿ.

"ಡಾಕ್ಟ್ರು ಕಣಮ್ಮ ಅವ್ರು! ಫಿಲಾಗ್ರಿನ್ ಅಂತೆ! ನೋಡು, ಇವಳ ಕೈ ಗೆರೆ ನೋಡು. ಇವರಪ್ಪನ ಕೈ ನೋಡು, ಅಲ್ಲೂ ಇದೇ ಗೆರೆ!"

"ಅದು ಮೋಟ್ರು ಸುಚ್ಚು ಒತ್ತಿ ಒತ್ತಿ ಬಿದ್ದಿರೋ ಗೆರೆ ಕಣ್ಲಾ. ಗೆರೆ ಯಾರ ಕೈಲಿಲ್ಲ? ನಮ್ಮ ವಂಸದಾಗೆ ಒಂದೇ ಒಂದು ಇಸುಬು ತೋರ್ಸು. ನನ್ನ ಕೈಯಾರ ನಾನೇ ಅವ್ಳಿಗೆ ಬದ್ನೇಕಾಯಿ ಬಡಿಸ್ತೀನಿ."

ಇದು ಪಂಥ! ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಣ್ಣಿನಲ್ಲಿ ಏನೋ ಮಿಂಚಿತು. ದೊಡ್ಡಪ್ಪನೂ ಅದನ್ನು ನೋಡಿದರು. ಮರುದಿನವೇ ಅವರು ಒಂದು ದೊಡ್ಡ ಬಿಳಿ ಚಾರ್ಟ್ ಹಾಳೆ ತಂದು ಮಹಡಿಯ ಕೋಣೆಯ ಗೋಡೆಗೆ ಅಂಟಿಸಿದರು. ವಂಶವೃಕ್ಷವೆಂದರೆ ಎಲ್ಲರೂ ಮರ ಬರೆಯುತ್ತಾರೆ. ಇವರು ಬರೆದದ್ದು ಕಂಬ! ನಮ್ಮ ಮುತ್ತಜ್ಜ ಒಂದು ಕಂಬ. ಅಜ್ಜ ಒಂದು ಕಂಬ. ಅಲ್ಲಿಂದ ತಂತಿ ಎಳೆದು ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ತುದಿಯಲ್ಲಿ ಪುಟ್ಟಿ ಒಂದು ಪುಟಾಣಿ ಕಂಬ. ಉಬ್ಬಸ ಇದ್ದವರಿಗೆ ನೀಲಿ ಪೆನ್ಸಿಲ್, ಸೀನಿನವರಿಗೆ ಹಸಿರು, ಇಸುಬಿಗೆ ಕೆಂಪು. ಅಮ್ಮನ ಕಡೆಯ ಕಂಬಗಳನ್ನೂ ಬರೆದರು. "ಪಕ್ಷಪಾತ ಮಾಡಿದ್ವಿ ಅನ್ನಬಾರ್ದು ಮಗಾ." ಅವರನ್ನೆಲ್ಲ ಒಂದೇ ಭಾನುವಾರ ತಪಾಸಣೆ ಮಾಡಿ ಮುಗಿಸಿದರು. ಒಬ್ಬರಿಗೂ ಏನೂ ಇಲ್ಲ, ಎಲ್ಲ ನುಣ್ಣಗಿನ ಮೊಣಕೈಗಳು!

ಆಮೇಲೆ ಶುರುವಾಯಿತು ನಮ್ಮ ಕಡೆಯ ದಂಡಯಾತ್ರೆ. ನಾನೂ ಹೆರಿಗೆ ರಜೆಯಲ್ಲಿದ್ದೆನಲ್ಲ, ಪುಟ್ಟಿಯನ್ನು ಅಮ್ಮನ ಮಡಿಲಿಗೆ ಹಾಕಿ ಜೊತೆಗೆ ಹೊರಟೆ. ಮೊದಲು ತಣಿಸಂದ್ರ. ಅಲ್ಲಿ ಅಪ್ಪನ ಚಿಕ್ಕಪ್ಪನ ಮಗ ಒಂದು ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯಲ್ಲಿದ್ದಾನೆ. ಗೇಟಿನಲ್ಲಿ ಸೆಕ್ಯೂರಿಟಿಯವನು ಪುಸ್ತಕ ಮುಂದಿಟ್ಟ. ಹೆಸರು, ಫೋನ್ ನಂಬರ್, ಬಂದ ಕಾರಣ. ದೊಡ್ಡಪ್ಪ ದುಂಡಗಿನ ಅಕ್ಷರದಲ್ಲಿ "ಮೊಣಕೈ ತಪಾಸಣೆ" ಎಂದು ಬರೆದರು. ಸೆಕ್ಯೂರಿಟಿಯವನು ಅದನ್ನು ಎರಡು ಸಲ ಓದಿದ.

"ಯಾವ ಡಿಪಾರ್ಟ್‌ಮೆಂಟ್ ಸಾರ್?"

"ಟೆಲಿಫೋನ್" ಎಂದರು ದೊಡ್ಡಪ್ಪ, ಎಷ್ಟೋ ವರ್ಷಗಳ ಅಭ್ಯಾಸದಿಂದ.

ಸಲ್ಯೂಟ್ ಹೊಡೆದು ಒಳಗೆ ಬಿಟ್ಟ! ಹತ್ತನೇ ಮಹಡಿಯಲ್ಲಿ ಸಿಕ್ಕಿದ್ದು ಒಂದು ಸೀನು ಮಾತ್ರ. ಹಸಿರು ಪೆನ್ಸಿಲ್.

ಆ ವಾರ ನಾಗಸಂದ್ರದ ಕಲ್ಯಾಣ ಮಂಟಪವೊಂದರಲ್ಲಿ ಅಜ್ಜನ ತಂಗಿಯ ಮೊಮ್ಮಗಳ ಮದುವೆ. ಯಶವಂತಪುರದಲ್ಲಿ ಮೆಟ್ರೋ ಹತ್ತಿದೆವು. ಬೆಳಗಿನ ಹೊತ್ತು, ಕಾಲಿಡಲು ಜಾಗವಿಲ್ಲ. ಎಲ್ಲರೂ ಮೇಲಿನ ಹಿಡಿಕೆ ಹಿಡಿದು ತೋಳೆತ್ತಿ ನಿಂತಿದ್ದಾರೆ. ಸಾಲು ಸಾಲು ಮೊಣಕೈ! ಎಲ್ಲವೂ ತೆರೆದು, ಟ್ಯೂಬ್‌ಲೈಟಿನ ಬೆಳಕಿನಲ್ಲಿ! ದೊಡ್ಡಪ್ಪನ ಕಣ್ಣು ತುಂಬಿ ಬಂತು. ಕನ್ನಡಕ ಹಣೆಗೇರಿಸಿ ಒಂದು ತುದಿಯಿಂದ ಶುರುಮಾಡಿಯೇಬಿಟ್ಟರು.

ನಾನು ಅಂಗಿ ಹಿಡಿದು ಎಳೆದೆ. "ದೊಡ್ಡಪ್ಪ! ಇವರ್ಯಾರೂ ನಮ್ಮ ನೆಂಟರಲ್ಲ!"

"ಯಾರಿಗ್ಗೊತ್ತು ಮಗಾ? ದೂರದೂರಿನ ಟ್ರಂಕ್ ಲೈನ್ ಇರಬಹುದು."

ಕಲ್ಯಾಣ ಮಂಟಪದಲ್ಲಿ ಇನ್ನೂ ದೊಡ್ಡ ಪ್ರಮಾದವಾಯಿತು. ಮೊಣಕೈ ಕೇಳಿದರೆ ಜನ ಓಡುತ್ತಾರೆ ಎಂದು ದೊಡ್ಡಪ್ಪ ಉಪಾಯ ಬದಲಿಸಿ, ಮೊದಲು ಅಂಗೈ ಕೇಳತೊಡಗಿದರು. ಊಟದ ಹಾಲಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತು, ಹಾದುಹೋಗುವ ನೆಂಟರ ಕೈ ಹಿಡಿದು, ಗೆರೆಗಳನ್ನು ಕಣ್ಣಿಗೆ ಹತ್ತಿರ ತಂದು ನೋಡುವುದು. ನಮ್ಮ ಜನಕ್ಕೆ ಅಷ್ಟು ಸಾಕಲ್ಲವೇ? ಐದು ನಿಮಿಷದಲ್ಲಿ ಎದುರಿಗೆ ಸಾಲು! ನಮ್ಮವರು ಮಾತ್ರವಲ್ಲ, ಗಂಡಿನ ಕಡೆಯವರೂ ಬಂದು ನಿಂತರು. ಒಬ್ಬ ಹೆಂಗಸು ಭಕ್ತಿಯಿಂದ ಕೈ ಚಾಚಿದರು. ದೊಡ್ಡಪ್ಪ ಬಹಳ ಹೊತ್ತು ನೋಡಿ, "ನಿಮ್ಮನೇಲಿ ಬೆಳಿಗ್ಗೆ ಎದ್ದ ತಕ್ಷಣ ಸೀನೋರು ಇದಾರಾ?" ಎಂದರು.

ಆಕೆ ಎದೆಗೆ ಕೈ ಇಟ್ಟುಕೊಂಡರು. "ಅಯ್ಯೋ, ಹೌದು ಸ್ವಾಮಿ! ನಮ್ಮ ಯಜಮಾನ್ರು!"

"ತಂದೆ ಕಡೆ ಉಬ್ಬಸ?"

"ನಮ್ಮಪ್ಪನಿಗಿತ್ತು! ನಿಮಗೆ ಹೇಗೆ ಗೊತ್ತಾಯ್ತು? ಸ್ವಾಮಿ, ಮಗಳ ಮದುವೆ ಯಾವಾಗ ಆಗುತ್ತೆ ಅಂತ ಸ್ವಲ್ಪ ನೋಡಿ."

"ಅದು ನಂಗೊತ್ತಿಲ್ಲಮ್ಮ. ಆದ್ರೆ ಹುಡುಗಿ ಒರಟು ಸೋಪು ಹಾಕೋದು ಬೇಡ. ಸ್ನಾನ ಆದ್ಮೇಲೆ ಒದ್ದೆ ಮೈಗೇ ಕ್ರೀಮ್ ಹಚ್ಚಲಿ."

ಆಕೆ ಕಾಲಿಗೇ ಬಿದ್ದರು! ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು ಬಂದವು. ಪುರೋಹಿತರು ಮಂಟಪದಿಂದಲೇ ಕತ್ತು ಚಾಚಿ ನೋಡುತ್ತಿದ್ದರು, ಈ ಹೊಸ ಸ್ವಾಮಿಗಳು ಯಾರು ಎಂದು. ನಗು ತಡೆಯಲಾರದೆ ನಾನು ಕೈತೊಳೆಯುವ ಕಡೆಗೆ ಓಡಿದೆ. ಗಂಡಿನ ಕಡೆಯವರ ಸೀನಿಗೂ ಉಬ್ಬಸಕ್ಕೂ ನಮ್ಮ ಚಾರ್ಟಿನಲ್ಲಿ ಜಾಗವಿರಲಿಲ್ಲ. ನಮ್ಮವರಲ್ಲಿ ಸಿಕ್ಕಿದ್ದು ಅಜ್ಜನ ತಂಗಿಯ ಉಬ್ಬಸ ಒಂದೇ. ನೀಲಿ ಪೆನ್ಸಿಲ್.

ಹೀಗೆ ಎರಡು ತಿಂಗಳು ಕಳೆಯಿತು. ಚಾರ್ಟಿನಲ್ಲಿ ನೀಲಿಯಿದೆ, ಹಸಿರಿದೆ. ಕೆಂಪು ಎಂದರೆ ನಾನು ಮತ್ತು ಪುಟ್ಟಿ, ಇಬ್ಬರೇ. "ಇಷ್ಟು ಸಾಲದೇ ದೊಡ್ಡಪ್ಪ? ನೀಲಿ ಹಸಿರು ಎಲ್ಲಾ ನಮ್ಮ ಕಡೇನೇ ಇದೆಯಲ್ಲ" ಎಂದೆ.

"ನಂಗೆ ಸಾಕು. ನಿಮ್ಮಜ್ಜಿಗೆ ಸಾಲಲ್ಲ. ಇಸುಬು ತೋರ್ಸು ಅಂದಿದ್ದಾಳೆ."

ಆಗ ನನಗೆ ಚಾರ್ಟಿನ ನಡುವೆ ಒಂದು ಕಂಬ ಕಾಣಿಸಿತು. ಅಪ್ಪನ ಕಂಬದ ಪಕ್ಕದ್ದು. ಅದಕ್ಕೆ ಬಣ್ಣವಿಲ್ಲ. "ಇಲ್ಲ" ಎಂದು ಉಳಿದವರಿಗೆಲ್ಲ ಹಾಕಿದ್ದ ಅಡ್ಡಗೆರೆಯೂ ಇಲ್ಲ.

"ಇದು ನೀವಲ್ವಾ? ನಿಮ್ಮ ಕಂಬ ನೋಡೇ ಇಲ್ವಲ್ಲ!"

ದೊಡ್ಡಪ್ಪ ಪೆನ್ಸಿಲ್ ಚೂಪು ಮಾಡತೊಡಗಿದರು. ಅದು ಆಗಲೇ ಚೂಪಾಗಿತ್ತು. "ಆ ಲೈನು ಎಂಗೇಜ್ ಇದೆ ಮಗಾ" ಎಂದರು. ನಾನು ನಕ್ಕುಬಿಟ್ಟೆ. ನನಗೆ ಎಷ್ಟು ಬುದ್ಧಿಯಿದೆ ನೋಡಿ!

ಪುಟ್ಟಿಗೆ ಆರು ತಿಂಗಳಾಯಿತು. ಅವಳಿಗೆ ಮೊದಲ ಅನ್ನ ತಿನ್ನಿಸುವ ಶಾಸ್ತ್ರ ಯಲಹಂಕದ ಮನೆಯಲ್ಲೇ ಎಂದು ನಿಶ್ಚಯವಾಯಿತು. ಇಪ್ಪತ್ತೈದು ಜನ ನೆಂಟರು, ಎಲ್ಲರೂ ತೋಳು ಮುಚ್ಚಿಕೊಂಡೇ ಬಂದರು. ಪುಟ್ಟಿ ಪಾಯಸದ ಅನ್ನವನ್ನು ಮೊದಲು ಉಗುಳಿ, ಆಮೇಲೆ ಬೆಳ್ಳಿಯ ಚಮಚವನ್ನೇ ಕಚ್ಚಿ ಹಿಡಿದು ಬಿಡಲಿಲ್ಲ. ನಕ್ಕು ನಕ್ಕು ಎಲೆ ಹಾಕಿ ಕುಳಿತೆವು. ಅಮ್ಮ ಅಂದು ಎಣ್ಣೆಗಾಯಿ ಮಾಡಿದ್ದಳು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಮಗುವನ್ನು ತೊಡೆಯ ಮೇಲೆ ಇಟ್ಟಿದ್ದೆವು. ಚಳಿಗಾಳಿಯ ದಿನ, ಪುಟ್ಟಿಯ ಕೆನ್ನೆ ಮತ್ತೆ ಕೆಂಪೇರಿತ್ತು. ನೆಂಟರ ಹೆಂಗಸೊಬ್ಬರು "ಅಯ್ಯೋ, ಮಗೂಗೆ ಏನಾಯ್ತು?" ಎಂದು ಕೇಳಿದರು.

ಅಜ್ಜಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಇವ್ರಜ್ಜಿ ಬಸ್ರೀಲಿ ಬದ್ನೇಕಾಯ ತಿಂದಿದ್ಲು. ಅದು ಮಗ್ಳಿಗೆ ಬಂತು, ಈಗ ಇದಕ್ಕೆ ಬಂತು."

ಇಪ್ಪತ್ತೈದು ಜನ ಅಮ್ಮನ ಕಡೆ ತಿರುಗಿದರು. ಅಮ್ಮ ಎಣ್ಣೆಗಾಯಿಯ ಪಾತ್ರೆ ಹಿಡಿದು ಸಾಲಿನ ನಡುವೆ ನಿಂತಿದ್ದಳು. ಸೌಟು ಪಾತ್ರೆಗೆ ತಗುಲಿ ಸಣ್ಣಗೆ ಸದ್ದಾಗುತ್ತಿತ್ತು.

ದೊಡ್ಡಪ್ಪ ಎಲೆಯ ಮುಂದಿನಿಂದ ಎದ್ದರು. ಅಜ್ಜಿಯ ಕುರ್ಚಿಯೆದುರು ಹೋಗಿ ನಿಂತರು. ಬಲಗೈಯ ಮಣಿಕಟ್ಟಿನ ಗುಂಡಿ ಬಿಚ್ಚಿದರು. ಆಮೇಲೆ ಎಡಗೈಯದು. ಅಂಗಿಯ ತೋಳುಗಳನ್ನು ಮಡಿಸುತ್ತಾ, ಮಡಿಸುತ್ತಾ, ಭುಜದವರೆಗೆ ಏರಿಸಿದರು. ನಾನು ಹುಟ್ಟಿದಾಗಿನಿಂದ ನೋಡದ ತೋಳುಗಳವು. ಮೊಣಕೈಯ ಮಡಿಕೆಗಳು ಕಪ್ಪಾಗಿ, ದಪ್ಪಗಟ್ಟಿ, ಅಲ್ಲಲ್ಲಿ ಬಿರಿದಿದ್ದವು. ಥೇಟ್ ನನ್ನವೇ.

"ಇಸುಬು ತೋರ್ಸು ಅಂದ್ಯಲ್ಲಮ್ಮ. ನೋಡು" ಎಂದರು.

ಅಜ್ಜಿ ಬಹಳ ಹೊತ್ತು ಆ ತೋಳನ್ನೇ ನೋಡಿದಳು. "ಇದ ತೋರ್ಸಾಕೆ ಇಷ್ಟು ವರ್ಸ ಬೇಕಾಯ್ತೇನ್ಲಾ?"

"ನಿಂಗೆ ಗೊತ್ತಿತ್ತಾ ಅಜ್ಜಿ?" ನಾನು ಹೆಚ್ಚು ಕಡಿಮೆ ಕಿರುಚಿದೆ.

"ಗೊತ್ತಿರ್ದೆ ಇರ್ತದಾ? ಕೊಬ್ರಿ ಎಣ್ಣೆ ಅಚ್ಚಿ ಅಚ್ಚಿ ಸಾಕಿದ್ದು ನಾನು. ನೀನು ಉಟ್ಟಿದ್ ವರ್ಸ ಇವ್ನಿಗೆ ಎಣ್ಣು ನೋಡ್ತಾ ಇದ್ದೊ. ತಮ್ಮಂದು ಮೊದ್ಲೇ ಆಗೋಗಿತ್ತು, ಇವ್ನು ಅಂಗೇ ಉಳ್ಕಂಡಿದ್ದ. ಮಗೀಗೆ ಬಂದಿರೋದು ನಮ್ಮ ಮನೇದು ಅಂದಿದ್ರೆ, ಎಣ್ಣು ಕೊಡೋರು ಇವನ ಕೈ ಬಿಚ್ಚಿ ತೋರ್ಸಿ ಅಂತಿದ್ರು. ಬದ್ನೇಕಾಯಿ ಮ್ಯಾಲೆ ಆಕ್ದೆ. ಬದ್ನೇಕಾಯಿ ಬಾಯಿ ಬುಡಲ್ಲ. ಇವ್ಳೂ ಬುಡ್ಲಿಲ್ಲ."

ದೊಡ್ಡಪ್ಪ ಅಮ್ಮನ ಕಡೆ ತಿರುಗಿದರು. "ಮುಚ್ಚಿಟ್ಟು ತಾಳಿ ಕಟ್ಟೋಕೆ ಮನಸ್ಸು ಬರ್ಲಿಲ್ಲ, ಮದುವೆ ಬೇಡ ಅಂದೆ. ಆಮೇಲಾದ್ರೂ ಹೇಳ್ಬೋದಿತ್ತು. ನಾಚಿಕೆ ಆಯ್ತು. ಬೇರೆ ಯಾರದಾದ್ರೂ ಕೈ ಸಿಕ್ಕಿದ್ರೆ ನನ್ನ ಕೈ ತೋರಿಸೋದು ತಪ್ಪುತ್ತಲ್ಲ ಅಂತ ಊರೆಲ್ಲಾ ಅಲೆದೆ. ಎಲ್ಲಾ ಕಂಬ ಹತ್ತಿದೆ ಕಣಮ್ಮ, ನನ್ನ ಕಂಬ ಒಂದನ್ನ ಬಿಟ್ಟಿದ್ದೆ. ತಪ್ಪಾಯ್ತು."

ಅಪ್ಪ ಮೋಟರ್ ಹಾಕಲು ಎದ್ದವರು, ಯಾಕೋ ಮತ್ತೆ ಕುಳಿತು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ಅಜ್ಜಿ ಮಗುವನ್ನು ನನಗೆ ಕೊಟ್ಟು, ಕೋಲೂರಿಕೊಂಡು ಎದ್ದಳು. ಅಮ್ಮನ ಕೈಯಿಂದ ಸೌಟು ತೆಗೆದುಕೊಂಡಳು.

"ಇವ್ನು ಉಟ್ದಾಗ ನಮ್ಮತ್ತೆ ನಾನು ಅಲಸಿನಣ್ಣು ತಿಂದೆ ಅಂತ ಅಂದಿದ್ಲು. ಅವತ್ತೇ ಬುಟ್ಟೆ, ಇನ್ನೂ ಮುಟ್ಟಿಲ್ಲ. ಅದೆಂಗಿರ್ತದೆ ಅಂತ ನಂಗೊತ್ತಿತ್ತು. ಗೊತ್ತಿದ್ದೂ ನಿಂಗೆ ಅದ್ನೇ ಮಾಡ್ದೆ. ಕೂತ್ಕ."

ಅಮ್ಮ ದೊಡ್ಡಪ್ಪನ ಖಾಲಿ ಎಲೆಯೆದುರು ಕುಳಿತಳು. ಎಂಬತ್ತೆಂಟರ ಅಜ್ಜಿ ಬಗ್ಗಿ ಎರಡು ಬದನೆಕಾಯಿ ಬಡಿಸಿದಳು. ಅಮ್ಮ ಒಂದನ್ನು ಮುರಿದು ತುತ್ತು ಮಾಡಿ ಬಾಯಿಗಿಟ್ಟಳು. ಇಡೀ ಮನೆ ಉಸಿರು ಹಿಡಿದು ಅವಳ ಮುಖ ನೋಡುತ್ತಿತ್ತು. ಅಮ್ಮ ಅಗಿದಳು, ನುಂಗಿದಳು, ಹುಬ್ಬು ಗಂಟಿಕ್ಕಿದಳು.

"ಉಪ್ಪು ಕಮ್ಮಿ" ಎಂದಳು. "ಇಷ್ಟು ವರ್ಷಾನೂ ಹಿಂಗೇ ಮಾಡ್ತಿದ್ನಾ? ಯಾರಾದ್ರೂ ಒಬ್ರು ಹೇಳಬಾರ್ದಾ?"

ನಗೆಗೆ ಮನೆಯ ಸೂರೇ ಹಾರಿಹೋಯಿತು! ಅಮ್ಮನೂ ನಕ್ಕಳು. ನಗುತ್ತಲೇ ಅತ್ತಳು, ಅಳುತ್ತಲೇ ಇನ್ನೊಂದು ಬದನೆಕಾಯಿ ಹಾಕಿಸಿಕೊಂಡಳು.

ಊಟವಾಗಿ ನೆಂಟರೆಲ್ಲ ಹೊರಟ ಮೇಲೆ ಪುಟ್ಟಿಗೆ ಮೈ ಒರೆಸಿ ಕ್ರೀಮ್ ಹಚ್ಚುತ್ತಿದ್ದೆ. ಎದುರಿಗೆ ದೊಡ್ಡಪ್ಪ ಸೋಫಾದಲ್ಲಿ ಕುಳಿತಿದ್ದರು. ತೋಳು ಇನ್ನೂ ಮೇಲೆಯೇ ಇತ್ತು, ಇಳಿಸಬೇಕೋ ಬೇಡವೋ ಅವರಿಗೆ ತಿಳಿಯುತ್ತಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಭಾವನೆದುರು ಕುಳಿತು ಮಾತಾಡಿದವಳೂ ಅಲ್ಲ, ಅವರ ಮುಖವನ್ನು ನೇರವಾಗಿ ನೋಡಿದವಳೂ ಅಲ್ಲ. ಈಗಲೂ ನನ್ನನ್ನೇ ನೋಡಿ ಹೇಳಿದಳು.

"ಮಗೂಗೆ ಹಚ್ಚಾಯ್ತಾ? ಹಂಗೇ ಭಾವನೋರ ಕೈಗೂ ಹಚ್ಚೇ. ಎಷ್ಟು ಒಣಗಿದೆ ನೋಡು."

ನಾನು ಹತ್ತಿರ ಹೋಗಿ ಕುಳಿತೆ. ದೊಡ್ಡಪ್ಪ ಎರಡೂ ಕೈಗಳನ್ನು ಚಾಚಿದರು, ಅಂಗೈ ಮೇಲಾಗಿ. ನನ್ನ ಅಂಗೈಯಲ್ಲಿರುವ ಅದೇ ಒತ್ತು ಗೆರೆಗಳು. ಮಡಿಕೆಯಲ್ಲಿ ಕ್ರೀಮ್ ಇಟ್ಟು ಮೆಲ್ಲಗೆ ಸವರಿದೆ. ಚಿಕ್ಕಂದಿನಲ್ಲಿ ಅಜ್ಜಿ ಎಣ್ಣೆ ಹಚ್ಚುವುದು ನಿಂತ ಮೇಲೆ ಆ ಜಾಗವನ್ನು ಇನ್ಯಾರೂ ಮುಟ್ಟಿರಲಿಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆಯದೆಯೇ, ಸಣ್ಣ ದನಿಯಲ್ಲಿ ಕೇಳಿದರು.

"ಟೋನ್ ಬಂತಾ ಮಗಾ?"

"ಬಂತು ದೊಡ್ಡಪ್ಪ" ಎಂದೆ.